ಡಬ್ಬಿಯ ಸ್ಪಿರಿಟ್ ಒಲೆ: ಒಳಗೋಡೆಯ ಲೆಕ್ಕ

ತಂಪು ಪಾನೀಯದ ಎರಡು ಅಲ್ಯೂಮಿನಿಯಂ ಡಬ್ಬಿಗಳ ತಳಭಾಗಗಳನ್ನು ಒಂದರೊಳಗೊಂದು ಕೂರಿಸಿ ಮಾಡುವ ಸ್ಪಿರಿಟ್ ಒಲೆಯ ತೂಕ ಸುಮಾರು 10ರಿಂದ 15 ಗ್ರಾಂ. ಬೆನ್ನಿನ ಹೊರೆಯನ್ನು ಗ್ರಾಂ ಲೆಕ್ಕದಲ್ಲಿ ಇಳಿಸಲು ಯತ್ನಿಸುವ ಚಾರಣಿಗರಿಗೆ ಇದು ಹೇಳಿ ಮಾಡಿಸಿದ ಸಾಧನ. ನನ್ನ ಮೊದಲ ಎರಡು ಒಲೆಗಳು ಕೆಟ್ಟವು, ಮೂರನೆಯದು ಚೆನ್ನಾಗಿ ಉರಿಯಿತು. ಕೆಟ್ಟದ್ದೇಕೆ ಎಂಬುದು ಮರೆತುಹೋಗುವ ಮುನ್ನ ಬರೆದಿಡುತ್ತಿದ್ದೇನೆ.

ಒಲೆಗೆ ಎರಡು ಗೋಡೆಗಳಿವೆ. ಹೊರಗೋಡೆ ಡಬ್ಬಿಯದೇ, ಒಳಗೋಡೆ ಅದೇ ತಗಡಿನ ಪಟ್ಟಿಯನ್ನು ಬಳೆಯಂತೆ ಬಾಗಿಸಿದ್ದು. ನಡುವಿನ ಬಾವಿಗೆ ಸುರಿದ ಸ್ಪಿರಿಟ್, ಒಳಗೋಡೆಯ ಬುಡದಲ್ಲಿ ಕತ್ತರಿಸಿದ ಮೂರು ಸಣ್ಣ ಕಂಡಿಗಳ ಮೂಲಕ ಗೋಡೆಗಳ ನಡುವಿನ ಸಂದಿಗೂ ಹರಿಯುತ್ತದೆ. ಹೊತ್ತಿಸಿದಾಗ ಮೊದಲು ಬಾವಿ ಮಾತ್ರ ಉರಿಯುತ್ತದೆ. ಸ್ಪಿರಿಟ್‌ನ ಮುಖ್ಯ ಅಂಶವಾದ ಎಥೆನಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ, ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಸಂದಿಯ ಸ್ಪಿರಿಟ್ ಆವಿಯಾಗಿ, ಅಂಚಿನ ತೂತುಗಳಿಂದ ಒತ್ತಿಕೊಂಡು ಹೊರಬಂದು ನೀಲಿ ದಳಗಳಂತೆ ಹೊತ್ತಿಕೊಳ್ಳುತ್ತದೆ. ಸ್ವೀಡನ್ನಿನ ಟ್ರಾಂಜಿಯಾ ಹಿತ್ತಾಳೆ ಬರ್ನರ್ ಕೆಲಸ ಮಾಡುವುದೂ ಹೀಗೆಯೇ. ಆದರೆ ಅದರ ತೂಕ 100 ಗ್ರಾಂ ದಾಟುತ್ತದೆ.

ನಾನು ಎಡವಿದ್ದು ಒಳಗೋಡೆಯ ಎತ್ತರದಲ್ಲಿ. ಡಬ್ಬಿಯ ತಳವನ್ನು ಗಮನವಿಟ್ಟು ನೋಡಿ. ಅದರ ನಡುಭಾಗ ಗುಮ್ಮಟದಂತೆ ಒಳಕ್ಕೆ ಉಬ್ಬಿರುತ್ತದೆ, ಡಬ್ಬಿ ನಿಲ್ಲುವುದು ಸುತ್ತಲಿನ ಉಂಗುರದ ಮೇಲೆ. ಆ ಉಂಗುರವೇ ಒಳಗಿನಿಂದ ನೋಡಿದರೆ ಒಂದು ದುಂಡು ಕಾಲುವೆ. ಒಳಗೋಡೆಯ ಬುಡ ಕೆಳಗಿನ ಅರ್ಧದ ಕಾಲುವೆಯಲ್ಲಿಯೂ, ಅದರ ತಲೆ ಬೋರಲಾಗಿ ಕೂರುವ ಮೇಲಿನ ಅರ್ಧದ ಕಾಲುವೆಯಲ್ಲಿಯೂ ಸಿಕ್ಕಿಕೊಳ್ಳಬೇಕು. ನಾನು ಮೊದಲ ಸಲ ಅಳತೆಪಟ್ಟಿಯನ್ನು ಗುಮ್ಮಟದ ನೆತ್ತಿಯ ಮೇಲಿಟ್ಟು ಅಳೆದೆ. 38 ಮಿ.ಮೀ. ಎತ್ತರದ ಒಲೆಗೆ 29 ಮಿ.ಮೀ. ಗೋಡೆ ಸಿದ್ಧವಾಯಿತು. ಅದರ ತಲೆ ಮೇಲಿನ ಕಾಲುವೆಯನ್ನು ಮುಟ್ಟಲೇ ಇಲ್ಲ. ಆವಿಯೆಲ್ಲ ಆ ತೆರಪಿನಿಂದ ಬಾವಿಗೇ ನುಗ್ಗಿ, ನಡುವೆ ಹಳದಿ ಜ್ವಾಲೆ ತೂಗಾಡಿತೇ ಹೊರತು ಒಂದು ತೂತೂ ಹೊತ್ತಲಿಲ್ಲ. ಎರಡನೆಯ ಸಲ ಹೆದರಿ 42 ಮಿ.ಮೀ. ಇಟ್ಟೆ. ಆಗ ಎರಡು ಅರ್ಧಗಳು ಪೂರ್ತಿ ಕೂರದೆ, ಪಕ್ಕದ ಬೆಸುಗೆಯಿಲ್ಲದ ಜೋಡಣೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಜೋಡಿಸಿದ ಒಲೆಯ ಹೊರಗಿನ ಎತ್ತರವೇ ಒಳಗೋಡೆಯ ಎತ್ತರ ಎಂಬುದು ಮೂರನೆಯ ಸಲ ಹೊಳೆಯಿತು, ಏಕೆಂದರೆ ತಗಡಿನ ದಪ್ಪ ಸುಮಾರು 0.1 ಮಿ.ಮೀ. ಮಾತ್ರ.

ಹಾಗಾದರೆ ಬುಡದ ಕಂಡಿಗಳಿಂದ ಆವಿ ಏಕೆ ತಪ್ಪಿಸಿಕೊಳ್ಳುವುದಿಲ್ಲ ಎಂಬ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು. ಆ ಕಂಡಿಗಳು ಸ್ಪಿರಿಟ್‌ನಲ್ಲಿ ಮುಳುಗಿರುತ್ತವೆ, ದ್ರವವೇ ಅಲ್ಲಿ ಬೀಗ. ದ್ರವ ಒಳಗೆ ಹೋಗಬಹುದು, ಮೇಲೆ ನಿಂತ ಆವಿ ಮಾತ್ರ ಆ ದಾರಿಯಲ್ಲಿ ಹೊರಬರಲಾರದು. ಆದ್ದರಿಂದಲೇ ಕಂಡಿಗಳನ್ನು 3 ಮಿ.ಮೀ.ಗಿಂತ ಎತ್ತರ ಮಾಡಬಾರದು.

ಪಟ್ಟಿಯ ಉದ್ದವನ್ನು ಲೆಕ್ಕ ಹಾಕುವುದಕ್ಕಿಂತ, ಅದನ್ನು ಕಾಲುವೆಯಲ್ಲಿ ಸುತ್ತಿ ಗುರುತು ಮಾಡಿಕೊಳ್ಳುವುದು ವಾಸಿ. ಒಂದು ತುದಿಯಲ್ಲಿ ಮೇಲಿನಿಂದ ಅರ್ಧ, ಇನ್ನೊಂದು ತುದಿಯಲ್ಲಿ ಕೆಳಗಿನಿಂದ ಅರ್ಧ ಸೀಳಿ ಒಂದಕ್ಕೊಂದು ತೂರಿಸಿದರೆ ಅಂಟಿಲ್ಲದೆಯೇ ಬಳೆ ನಿಲ್ಲುತ್ತದೆ.

ತೂತುಗಳಿಗೆ ನನಗೆ ತುಂಬ ಹಿಡಿಸಿದ ಉಪಾಯವೊಂದಿದೆ. ಡಬ್ಬಿಯ ಸುತ್ತಳತೆಯಷ್ಟೇ ಉದ್ದದ ಕಾಗದದ ಪಟ್ಟಿಯನ್ನು ನಾಲ್ಕು ಸಲ ಅರ್ಧಕ್ಕೆ ಮಡಿಸಿ ಬಿಡಿಸಿದರೆ 16 ಸಮಭಾಗಗಳು ಸಿಗುತ್ತವೆ. ಕೋನಮಾಪಕದ ಗೊಡವೆಯೇ ಇಲ್ಲ. ಅದನ್ನು ಸುತ್ತಿ, ಪ್ರತಿ ಮಡಿಕೆಯ ನೇರಕ್ಕೆ ಅಂಚಿನ ಇಳಿಜಾರಿನಲ್ಲಿ ಸೂಜಿಯಿಂದ ಸುಮಾರು 1 ಮಿ.ಮೀ. ತೂತು ಮಾಡಬೇಕು. ಡಬ್ಬಿ ಇಡಿಯಾಗಿರುವಾಗಲೇ ಇದನ್ನೂ, ಮೇಲಿನ ಅರ್ಧದ ಗುಮ್ಮಟ ತೆಗೆಯುವುದನ್ನೂ ಮುಗಿಸಿದರೆ ತಗಡು ಮಡಚಿಕೊಳ್ಳುವುದಿಲ್ಲ.

ಕತ್ತರಿಸಲು ಬ್ಲೇಡನ್ನು ದಪ್ಪ ಪುಸ್ತಕದ ಹಾಳೆಗಳ ನಡುವೆ ಸಿಕ್ಕಿಸಿ, ಅದಕ್ಕೆ ತಾಗಿಸಿ ಡಬ್ಬಿಯನ್ನು ಹಗುರವಾಗಿ ಹಲವು ಸುತ್ತು ತಿರುಗಿಸಿ ಗೀರು ಹಾಕಬೇಕು. ಆಮೇಲೆ ಉಗುರಿನಿಂದ ಒತ್ತಿದರೆ ಗೀರಿನ ಉದ್ದಕ್ಕೂ ಬಿಟ್ಟುಕೊಳ್ಳುತ್ತದೆ. ಅಂಚನ್ನು ಉಪ್ಪುಕಾಗದದಿಂದ ಉಜ್ಜಲೇಬೇಕು. ಎರಡೂ ಅರ್ಧಗಳ ವ್ಯಾಸ ಒಂದೇ ಆದ್ದರಿಂದ, ಒಂದರ ಬಾಯಿಗೆ ತೆರೆಯದ ತುಂಬಿದ ಡಬ್ಬಿಯ ತಳವನ್ನು ಒತ್ತಿ ಸ್ವಲ್ಪ ಹಿಗ್ಗಿಸಿಕೊಳ್ಳಬೇಕು.

ಇಂಧನದ ಲೆಕ್ಕ ಹೀಗಿದೆ. ಅರ್ಧ ಲೀಟರ್ ನೀರನ್ನು 20ರಿಂದ 100 ಡಿಗ್ರಿಗೆ ಏರಿಸಲು ಸುಮಾರು 167 ಕಿಲೋಜೂಲ್ ಬೇಕು. 1 ಮಿ.ಲೀ. ಎಥೆನಾಲ್ ಸುಮಾರು 21 ಕಿಲೋಜೂಲ್ ಕೊಡುವುದರಿಂದ 8 ಮಿ.ಲೀ. ಸಾಕೆನಿಸುತ್ತದೆ, ಆದರೆ ಅರ್ಧಕ್ಕೂ ಹೆಚ್ಚು ಶಾಖ ಗಾಳಿಗೆ ಹೋಗುವ ಕಾರಣ ನನಗೆ 18 ಮಿ.ಲೀ. ಖರ್ಚಾಯಿತು. ಪಾತ್ರೆಯನ್ನು ತಂತಿಯ ಸ್ಟ್ಯಾಂಡಿನ ಮೇಲೆ ಜ್ವಾಲೆಯ ತೂತುಗಳಿಂದ ಸುಮಾರು 3 ಸೆಂ.ಮೀ. ಎತ್ತರದಲ್ಲಿಟ್ಟು, ಗಾಳಿತಡೆಯನ್ನು ಪಾತ್ರೆಯಿಂದ 1 ಸೆಂ.ಮೀ. ದೂರ ನಿಲ್ಲಿಸಿದ್ದೆ. ಎಥೆನಾಲ್ ಬದಲಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಉರಿಸಿದರೆ ಅದು ಪಾತ್ರೆಗೆ ಮಸಿ ಹಿಡಿಸುತ್ತದೆ. ಇನ್ನೊಂದು ಆಲ್ಕೊಹಾಲ್ ಆದ ಮೆಥನಾಲ್ ಚರ್ಮದ ಮೂಲಕವೂ ಮೈ ಸೇರುವ ವಿಷ.

ಹಗಲಿನಲ್ಲಿ ಈ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಆರಿದೆಯೆಂದು ನಂಬಿ ಮತ್ತೆ ಸ್ಪಿರಿಟ್ ಸುರಿಯಬಾರದು. ಒಲೆ ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ಕಾರ್ಬನ್ ಮೊನಾಕ್ಸೈಡ್ ಹುಟ್ಟುವುದರಿಂದ ಡೇರೆಯೊಳಗೆ ಹೊತ್ತಿಸಲೇಬಾರದು. ಕೊನೆಯಲ್ಲಿ ದಳಗಳು ಒಂದೊಂದಾಗಿ ಕುಗ್ಗಿ ಬಾವಿ ಮಾತ್ರ ಸ್ವಲ್ಪ ಹೊತ್ತು ಉರಿದರೆ ಅದು ದೋಷವಲ್ಲ: ಸ್ಪಿರಿಟ್ ಕಂಡಿಗಳಿಗಿಂತ ಕೆಳಗಿಳಿದು ಬೀಗ ತೆರೆದಿದೆ ಎಂದಷ್ಟೇ ಅರ್ಥ.