ಕೈ ಎಲ್ಲಿಡಿಸಬೇಕು ಎಂಬ ಪ್ರಶ್ನೆಗೆ ಇನ್ನೊಮ್ಮೆ ಉತ್ತರ

ಪ್ರಶ್ನೆ: ಮಲ್ಪೆ ಮತ್ತು ಕಾಪು ಕಡಲತೀರಗಳಲ್ಲಿ ಪೋರ್ಟ್ರೇಟ್ ತೆಗೆಯುತ್ತೇನೆ. ಮುಖ ಚೆನ್ನಾಗಿ ಬರುತ್ತದೆ, ಬೆಳಕೂ ಸರಿಯಿರುತ್ತದೆ. ಆದರೆ ಮಾಡೆಲ್‌ನ ಕೈಗಳು ಮಾತ್ರ ಯಾವಾಗಲೂ ಅಸಹಜವಾಗಿ ಕಾಣುತ್ತವೆ. ಅವನ್ನು ಎಲ್ಲಿಡಿಸಬೇಕು?

ಉಡುಪಿಯಲ್ಲಿ ಛಾಯಾಗ್ರಹಣ ಕಲಿಸಲು ತೊಡಗಿದಂದಿನಿಂದ ಈ ಪ್ರಶ್ನೆ ಬಾರದ ತಿಂಗಳಿಲ್ಲ. ನನ್ನ ಉತ್ತರವೂ ಬದಲಾಗಿಲ್ಲ: ಕೈಗೆ ಜಾಗ ಹುಡುಕುವುದನ್ನು ಬಿಟ್ಟು ಅದಕ್ಕೊಂದು ಕೆಲಸ ಕೊಡಿ. ಇಷ್ಟು ಸರಳವಾದ ಮಾತು ಮತ್ತೆ ಮತ್ತೆ ಹೇಳಬೇಕಾಗಿ ಬರುವುದೇಕೆಂದರೆ, ಕೇಳುವವರ ಮನಸ್ಸಿನಲ್ಲಿ ಅದಕ್ಕಿಂತ ಮೊದಲೇ ಬೇರೊಂದು ಉತ್ತರ ಬೇರು ಬಿಟ್ಟಿರುತ್ತದೆ. ಕೈ ಚೆನ್ನಾಗಿ ಕಾಣದಿದ್ದರೆ ಅಡಗಿಸಿಬಿಡಬೇಕು, ಗಂಡಸರಾದರೆ ಜೇಬಿನೊಳಗೆ, ಹೆಂಗಸರಾದರೆ ಬೆನ್ನ ಹಿಂದೆ ಎಂಬುದೇ ಆ ಉತ್ತರ. ಅದನ್ನು ಮೊದಲು ಕಿತ್ತು ಹಾಕದೆ ಮುಂದಿನ ಯಾವ ಮಾತೂ ಪ್ರಯೋಜನಕ್ಕೆ ಬಾರದು.

ಕೆಲವು ಸಮಯದ ಹಿಂದೆ ವಿದ್ಯಾರ್ಥಿಯೊಬ್ಬರು ಕಾಪುವಿನ ದೀಪಸ್ತಂಭದ ಬಂಡೆಯ ಮೇಲೆ ತೆಗೆದ ಚಿತ್ರವನ್ನು ತಂದು ತೋರಿಸಿದರು. ಸೂರ್ಯ ಕಡಲಿಗೆ ಇಳಿಯುತ್ತಿದ್ದ, 1901ರಲ್ಲಿ ಕಟ್ಟಿದ ಆ ಸ್ತಂಭ ಹಿನ್ನೆಲೆಯಲ್ಲಿ ನೆಟ್ಟಗೆ ನಿಂತಿತ್ತು, ಸೀರೆಯುಟ್ಟ ಯುವತಿಯ ಮುಖದಲ್ಲಿ ಒಳ್ಳೆಯ ನಗುವಿತ್ತು. ಎರಡೂ ಕೈಗಳು ಬೆನ್ನ ಹಿಂದಿದ್ದವು. “ಈ ಸಲ ಕೈಯ ತೊಂದರೆಯೇ ಬರಲಿಲ್ಲ ಸರ್” ಎಂದರು ಅವರು. ಚಿತ್ರವನ್ನು ದೊಡ್ಡದು ಮಾಡಿ ನೋಡಲು ಹೇಳಿದೆ. ತೋಳುಗಳು ಮೊಣಕೈಗೇ ಮುಗಿದಂತೆ ಕಾಣುತ್ತಿದ್ದವು. ಕೈಗಳನ್ನು ಹಿಂದಕ್ಕೆ ಎಳೆದುಕೊಂಡದ್ದರಿಂದ ಭುಜಗಳೂ ಹಿಂದೆ ಸರಿದು, ಎದೆ ಮುಂದೆ ಬಂದು, ಕುತ್ತಿಗೆಯ ನರ ಬಿಗಿದಿತ್ತು. ಬೆಳಕು ಹಿಂದಿನಿಂದ ಬರುತ್ತಿದ್ದುದರಿಂದ ತೋಳಿಗೂ ಸೊಂಟಕ್ಕೂ ನಡುವೆ ಹೊಳೆಯಬೇಕಾಗಿದ್ದ ಆಕಾಶದ ತುಂಡು ಮುಚ್ಚಿಹೋಗಿ, ಮೈಯೆಲ್ಲ ಒಂದೇ ಕಪ್ಪು ಕಂಬದಂತಾಗಿತ್ತು. ನಮ್ಮ ಕರಾವಳಿಯಲ್ಲಿ ಸಂಜೆಯ ಬೆಳಕು ಕಡಲಿನ ಕಡೆಯಿಂದಲೇ ಬರುವುದರಿಂದ, ಕಡಲಿಗೆ ಬೆನ್ನು ಮಾಡಿ ನಿಲ್ಲಿಸಿದವರ ಕೈಗಳನ್ನು ಅಡಗಿಸುವುದೆಂದರೆ ದೇಹದ ಆಕಾರವನ್ನೇ ಅಳಿಸಿದಂತೆ.

ಜೇಬಿನ ಕಥೆಯೂ ಇದೇ. ಹಸ್ತ ಪೂರ್ತಿ ಒಳಗೆ ಹೋದರೆ ತೋಳು ಮಣಿಕಟ್ಟಿನಲ್ಲಿ ಕಡಿದಂತಾಗುತ್ತದೆ, ಪ್ಯಾಂಟಿನ ಮೇಲೆ ಮುಷ್ಟಿಯ ಗಾತ್ರದ ಉಬ್ಬು ಏಳುತ್ತದೆ. ಜೇಬು ಬೇಕೇ ಬೇಕೆನ್ನುವವರು ಹೆಬ್ಬೆರಳನ್ನಾದರೂ ಹೊರಗೆ ಬಿಡಿಸಲಿ. ಕೈಕಟ್ಟಿ ನಿಲ್ಲಿಸುವಾಗಲೂ ಬೆರಳುಗಳು ಕಂಕುಳಲ್ಲಿ ಮಾಯವಾಗದೆ, ಎದುರು ತೋಳಿನ ಮೇಲೆ ಹಗುರವಾಗಿ ಒರಗಿರಲಿ.

ಕೈ ಅಡಗಿಸುವುದು ಹಿಂದಿನಿಂದ ಬಂದ ಪದ್ಧತಿ ಎಂದು ವಾದಿಸುವವರಿದ್ದಾರೆ. ಅವರು ತಮ್ಮದೇ ಮನೆಯ ಚಾವಡಿಯ ಗೋಡೆಯಲ್ಲಿರುವ ಅಜ್ಜ ಅಜ್ಜಿಯರ ಫೋಟೋವನ್ನು ಒಮ್ಮೆ ನಿಂತು ನೋಡಬೇಕು. ಅಜ್ಜನ ಕೈ ಮೊಣಕಾಲ ಮೇಲೆ, ಅಜ್ಜಿಯ ಕೈ ಕುರ್ಚಿಯ ಬೆನ್ನಿನ ಮೇಲೆ ಇರುತ್ತದೆ. ಆಗಿನ ಕ್ಯಾಮೆರಾದ ಗಾಜಿನ ಫಲಕಗಳಿಗೆ ಬೆಳಕು ಹೆಚ್ಚು ಹೊತ್ತು ಬೇಕಾಗುತ್ತಿದ್ದುದರಿಂದ ಅಲುಗಾಡದೆ ಕೂರಲು ಕೈಗೊಂದು ಆಸರೆ ಬೇಕಿತ್ತು, ಆ ಆಸರೆಯೇ ಕೈಗೆ ಕೆಲಸವೂ ಆಯಿತು. ಎದೆಯವರೆಗೆ ಮಾತ್ರ ತೆಗೆಯುವ ಪಾಸ್‌ಪೋರ್ಟ್ ಫೋಟೋದ ಅಭ್ಯಾಸ ನಮ್ಮಲ್ಲಿ ಕೈಯ ಬಗೆಗಿನ ಗಮನವನ್ನೇ ಕೆಡಿಸಿತು ಎಂಬುದು ನನ್ನ ನಂಬಿಕೆ.

ಇನ್ನು ಕೈ ಕೆಟ್ಟದಾಗಿ ಕಾಣುವ ನಿಜವಾದ ಕಾರಣಕ್ಕೆ ಬರುತ್ತೇನೆ. ಹಸ್ತದ ಉದ್ದ, ಗದ್ದದಿಂದ ಕೂದಲಂಚಿನವರೆಗಿನ ಮುಖದ ಉದ್ದಕ್ಕೆ ಹೆಚ್ಚುಕಡಿಮೆ ಸಮ. ಆದ್ದರಿಂದ ಅಂಗೈಯನ್ನೋ ಹಸ್ತದ ಹಿಂಭಾಗವನ್ನೋ ನೇರವಾಗಿ ಕ್ಯಾಮೆರಾಕ್ಕೆ ತೋರಿಸಿದರೆ ಅದು ಮುಖದೊಡನೆ ಸ್ಪರ್ಧೆಗೆ ನಿಲ್ಲುತ್ತದೆ. ಕಿರುಬೆರಳಿನ ಬದಿಯನ್ನು ಕ್ಯಾಮೆರಾದ ಕಡೆಗೆ ತಿರುಗಿಸಿ, ಮಣಿಕಟ್ಟನ್ನು ತುಸು ಬಗ್ಗಿಸಿದರೆ ಅದೇ ಕೈ ತೆಳುವಾಗಿ, ನೀಳವಾಗಿ ಕಾಣುತ್ತದೆ. ದೂರದ ಲೆಕ್ಕವೂ ಮುಖ್ಯ. ಮುಖ ನಿಮ್ಮಿಂದ 1.2 ಮೀಟರ್ ದೂರದಲ್ಲಿದ್ದು, ಕೈ ಅದಕ್ಕಿಂತ 30 ಸೆಂಟಿಮೀಟರ್ ಮುಂದಿದ್ದರೆ, ಕೈಯ ಗಾತ್ರ ಮೂರನೆಯ ಒಂದು ಪಾಲು ಹಿಗ್ಗಿ ಕಾಣುತ್ತದೆ. ಮುಖದಿಂದ 3 ಮೀಟರ್ ದೂರಕ್ಕೆ ಸರಿದು, ಅಲ್ಲಿಂದಲೂ ಮುಖವನ್ನು ದೊಡ್ಡದಾಗಿ ಹಿಡಿಯುವ 85 ಎಂಎಂ ಲೆನ್ಸ್ ಹಾಕಿದರೆ ಆ ಹಿಗ್ಗು ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಕೈ ದಪ್ಪವೆಂದು ಮಾಡೆಲ್‌ಗೆ ಬೇಸರಪಡಿಸುವ ಮೊದಲು ನಾವು ನಿಂತ ಜಾಗವನ್ನು ನೋಡಿಕೊಳ್ಳಬೇಕು.

ಹಸ್ತದಲ್ಲಿ ನರಗಳು ಉಬ್ಬಿದ್ದರೆ, ಕೈಯನ್ನು ತಲೆಗಿಂತ ಮೇಲಕ್ಕೆ ಒಂದೆರಡು ಕ್ಷಣ ಎತ್ತಿ ಹಿಡಿಯಲು ಹೇಳಿ. ರಕ್ತ ಕೆಳಗಿಳಿದು ನರಗಳು ತಗ್ಗುತ್ತವೆ. ತೆಂಗಿನ ತೋಟದಲ್ಲಿ ತೆಗೆಯುವಾಗ, ಮುಖ ನೆರಳಿನಲ್ಲಿದ್ದು ಚಾಚಿದ ಕೈಯ ಮೇಲೆ ಗರಿಗಳ ನಡುವಿನ ಬಿಸಿಲು ಬಿದ್ದರೆ, ನೋಡುವವರ ಕಣ್ಣು ಮೊದಲು ಕೈಗೇ ಹೋಗುತ್ತದೆ. ಅರ್ಧ ಹೆಜ್ಜೆ ಸರಿಸಿದರೆ ಅದು ಸರಿಹೋಗುತ್ತದೆ.

ಯಾರೂ ಕೇಳದಿದ್ದರೂ ಇಲ್ಲಿ ಒಂದು ಮಾತು ಹೇಳಲೇಬೇಕು. ಬೆರಳು ಸರಿಪಡಿಸಲೆಂದು ಮಾಡೆಲ್‌ನ ಕೈಯನ್ನು ನಾವು ಹಿಡಿಯಬಹುದೇ? ಕೂಡದು. ಅಪರಿಚಿತರು ಕೈ ಹಿಡಿದೊಡನೆ ಬೆರಳುಗಳು ಬಿಗಿದುಕೊಳ್ಳುತ್ತವೆ, ಆ ಬಿಗಿತ ಮುಖಕ್ಕೂ ಹತ್ತುತ್ತದೆ, ಎಲ್ಲಕ್ಕಿಂತ ಮೊದಲು ಅದು ಮರ್ಯಾದೆಯಲ್ಲ. ಎದುರು ನಿಂತು, ಕನ್ನಡಿಯಲ್ಲಿ ಕಾಣುವಂತೆ, ನಿಮ್ಮ ಕೈಯಲ್ಲೇ ಮಾಡಿ ತೋರಿಸಿ. ಅವರು ಬಲಗೈ ಎತ್ತಬೇಕಿದ್ದರೆ ನೀವು ಎಡಗೈ ಎತ್ತಿ. ಸೆರಗನ್ನೋ ಬಳೆಯನ್ನೋ ಸರಿಪಡಿಸಬೇಕಾದರೆ ಜೊತೆಗೆ ಬಂದ ಅಕ್ಕನನ್ನೋ ಗೆಳತಿಯನ್ನೋ ಕೇಳಿಕೊಳ್ಳಿ.

ಕೆಲಸ ಕೊಡಿ ಎಂದೆನಲ್ಲ, ಅದನ್ನು ಆ ವಿದ್ಯಾರ್ಥಿಗೆ ಮರುವಾರ ಅದೇ ಬಂಡೆಯ ಮೇಲೆ ತೋರಿಸಿದೆ. ಕಡಲಿಗೆ ಬೆನ್ನು ಮಾಡಿ ನಿಂತ ಆ ಯುವತಿಯ ಮುಡಿಯಲ್ಲಿ ಶಂಕರಪುರದ ಮಲ್ಲಿಗೆಯ ಮಾಲೆಯಿತ್ತು. ಹಿಂದಿನಿಂದ ಬಂದ ಗಾಳಿಗೆ ಕೂದಲು ಕೆನ್ನೆಗೆ ಹಾರಿದೊಡನೆ, ಯಾರೂ ಹೇಳದೆಯೇ ಆಕೆಯ ಬಲಗೈ ಮೇಲೆದ್ದಿತು. “ಅದನ್ನೇ ಇನ್ನೊಮ್ಮೆ, ಸ್ವಲ್ಪ ನಿಧಾನವಾಗಿ ಮಾಡಿ” ಎಂದೆ. ಮೊಣಕೈ ಮೈಯಿಂದ ದೂರ ಸರಿಯಿತು, ನಡುವೆ ಆಕಾಶ ಕಂಡಿತು. ಕಿರುಬೆರಳಿನ ಬದಿ ತಾನಾಗಿ ನಮ್ಮ ಕಡೆಗೆ ತಿರುಗಿತು. ಬೆರಳ ತುದಿಗಳು ಕಿವಿಯ ಹಿಂದೆ ಕೂದಲನ್ನು ಸಿಕ್ಕಿಸಿ, ಮಾಲೆ ಸಡಿಲವಾಗಿದೆಯೇ ಎಂದು ಹೂವನ್ನು ಮುಟ್ಟಿ ನೋಡಿದವು. ಒತ್ತಲಿಲ್ಲ, ಹಿಡಿಯಲಿಲ್ಲ, ಬರಿದೆ ಮುಟ್ಟಿದವು. ವಿದ್ಯಾರ್ಥಿ ಕ್ಲಿಕ್ಕಿಸಿದ್ದು ಆಗ.