ಅಳಿವೆ ಪಕ್ಕದಲ್ಲೇ ಇರುವಾಗ ಬಾತಿಗೆ ಬೇರೆ ನೀರು ಯಾಕೆ?

ಪ್ರಶ್ನೆ: ನಮ್ಮದು ಕುಮಟಾ ಕಡೆಯ ಮೀನುಗಾರರ ಊರು. ಮನೆ ಹಿಂದೆ ಹುಲ್ಲುಬಯಲು, ಆಚೆ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆ. ಹತ್ತು ಬಾತುಕೋಳಿ, ನಾಲ್ಕು ಹೆಬ್ಬಾತು ಸಾಕಬೇಕೆಂದಿದ್ದೇನೆ. ನೀರಿನ ಚಿಂತೆ ಇಲ್ಲ ಅಲ್ವಾ?

ಉತ್ತರ: ಇದೆ. ಅಳಿವೆಯ ನೀರು ಉಪ್ಪು, ಬಾತಿಗೆ ಕುಡಿಯಲು ಸಿಹಿನೀರೇ ಬೇಕು. ಎಷ್ಟು ಸಲ ಹೇಳಿದರೂ ಮತ್ತೆ ಇದೇ ಪ್ರಶ್ನೆ!

‘ಕಡಲಹಕ್ಕಿ ಉಪ್ಪುನೀರು ಕುಡಿಯುವುದಿಲ್ವಾ?’ ಅನ್ನುತ್ತೀರಿ. ಕುಡಿಯುತ್ತದೆ. ಅದರ ಕಣ್ಣಿನ ಮೇಲೆ ಉಪ್ಪು ಸೋಸುವ ಗ್ರಂಥಿ ಇದೆ. ಹೆಚ್ಚಾದ ಉಪ್ಪು ಮೂಗಿನ ಹೊಳ್ಳೆಯಿಂದ ಹನಿಹನಿಯಾಗಿ ಇಳಿಯುತ್ತದೆ. ಬಾತಿಗೂ ಆ ಗ್ರಂಥಿ ಇದೆ, ಆದರೆ ಚಿಕ್ಕದು. ನೀರು ಸ್ವಲ್ಪವೇ ಉಪ್ಪಾದರೆ ಹೇಗೋ ಸುಧಾರಿಸುತ್ತದೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಒಂದು ಲೀಟರ್ ಗಂಜಿಗೆ ಆರು ಚಮಚ ಉಪ್ಪು ಹಾಕಿ ಕುಡಿದು ನೋಡಿ, ಗೊತ್ತಾಗುತ್ತದೆ. ಮರಿಗಳಂತೂ ತಡೆಯುವುದೇ ಇಲ್ಲ.

ಹಾಗಾದರೆ ‘ನಮ್ಮ ಬಾತು ಗಜನಿ (ಅಳಿವೆ ಪಕ್ಕದ ತಗ್ಗು ಗದ್ದೆ) ನೀರು ಕುಡಿದೇ ಬೆಳೀತು’ ಅನ್ನುವವರು ಸುಳ್ಳು ಹೇಳುತ್ತಾರಾ? ಇಲ್ಲ. ಅವರು ನೋಡಿದ್ದು ಮಳೆಗಾಲದ ಗಜನಿ. ಆಗ ಹೊಳೆ ತುಂಬಿ ಬಂದು ಉಪ್ಪನ್ನು ಹೊರಗೆ ತಳ್ಳುತ್ತದೆ. ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವುದೂ ಅದೇ ಹೊತ್ತಿಗೆ. ಮಳೆ ನಿಂತಮೇಲೆ ಉಬ್ಬರದ ಜೊತೆ ಉಪ್ಪು ತಿಂಗಳು ತಿಂಗಳಿಗೂ ಏರುತ್ತದೆ. ಫೆಬ್ರವರಿಯಲ್ಲಿ ಅದೇ ಗಜನಿಯ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಳ್ಳಿ, ಸಾಕು.

ಇದಕ್ಕಾಗಿ ಕೆರೆ ತೋಡಬೇಕಿಲ್ಲ. ಬಾವಿಯ ಸಿಹಿನೀರು ತುಂಬಿದ ಒಂದು ಟಬ್ಬು ಇಡಿ. ತಲೆ ಕಣ್ಣಿನವರೆಗೂ ಮುಳುಗುವಷ್ಟು ಆಳ ಇರಲಿ. ಬಾತು ಹೊಳ್ಳೆ, ಕಣ್ಣು ತೊಳೆದುಕೊಳ್ಳುವುದೇ ಹಾಗೆ. ತಲೆ ಮುಳುಗಿಸಿ ಗುಳುಗುಳು ಮಾಡಿ, ಎತ್ತಿ ಒಮ್ಮೆ ಒದರಿದರೆ ನಿಮ್ಮ ಪಂಚೆ ಒದ್ದೆ. ಬೆಳಿಗ್ಗೆ ಹೊಟ್ಟೆ ತುಂಬ ಕುಡಿಸಿ ಬಿಡಿ, ಆಮೇಲೆ ಅಳಿವೆಯಲ್ಲಿ ಈಜಿಕೊಳ್ಳಲಿ. ಬಾಯಾರಿ ಹೋದ ಬಾತು ಮಾತ್ರ ಉಪ್ಪುನೀರಿಗೇ ಕೊಕ್ಕು ಹಾಕುತ್ತದೆ.

ಹೆಬ್ಬಾತು ಎಳೆ ಹುಲ್ಲು ಮೇಯ್ದುಕೊಂಡಿರುತ್ತದೆ. ಬಾತಿಗೆ ಬರೀ ಹುಲ್ಲು ಸಾಲದು, ಹುಳ, ಶಂಖದಹುಳ, ತೌಡು ಬೇಕು.

ನೀವು ಕೇಳಲಿಲ್ಲ, ಆದರೂ ಮೀನಿನ ವಿಷಯ ಹೇಳಿಬಿಡುತ್ತೇನೆ. ಬೂತಾಯಿ ಮೀನಿನ ತಲೆ, ಕರುಳು ಪುಕ್ಕಟೆ ಸಿಗುತ್ತದೆಂದು ಸುರಿದರೆ ಮೊಟ್ಟೆಯೂ ಮೀನುನಾತ ಹೊಡೆಯುತ್ತದೆ. ಒಣಮೀನಿನ ಚೂರು ಹಾಕಿದರೆ ಮತ್ತೆ ಉಪ್ಪಿನದೇ ಕಥೆ. ಎಲ್ಲಕ್ಕಿಂತ ಅಪಾಯ ಕೊಳೆತ ಮೀನು. ಅದರಲ್ಲೂ, ಅದರಲ್ಲಿ ಎದ್ದ ಹುಳದಲ್ಲೂ ವಿಷ ಇರಬಹುದು. ತಿಂದ ಬಾತಿಗೆ ಕುತ್ತಿಗೆ ಎತ್ತಲಾಗುವುದಿಲ್ಲ, ನೆಲಕ್ಕೆ ಚಾಚಿ ಮಲಗಿಬಿಡುತ್ತದೆ. ಆಗ ಬಿಸಿಲು ತಾಗಿದೆ ಎಂದು ಸುಮ್ನೆ ಕೂರಬೇಡಿ. ಪಶುವೈದ್ಯರಿಗೆ ಫೋನ್ ಮಾಡಿ, ಉಳಿದವನ್ನು ಗೂಡಿಗೆ ಹಾಕಿ, ದಡದಲ್ಲಿ ಕೊಳೆತದ್ದು ಎಲ್ಲಿ ಬಿದ್ದಿದೆ ಹುಡುಕಿ.