ಪಂಪ್‌ಹೌಸ್‌ಗೆ ಬೇರೆ ಮೀಟರ್ ಇದ್ದರೆ ಮನೆಯ ಆ್ಯಪ್‌ನಿಂದ ಮೋಟಾರ್ ಆನ್ ಆಗುತ್ತದಾ?

ಮತ್ತೆ ಅದೇ ಪ್ರಶ್ನೆ. "ಸಾರ್, ಮನೆಗೆ ವೈಫೈ ಸ್ವಿಚ್ ಹಾಕಿಸಿದ್ದೇವೆ. ತೋಟದ ಪಂಪ್‌ಹೌಸ್‌ಗೆ ಬೇರೆ ಆರ್‌ಆರ್ ನಂಬರ್. ಲೈನೇ ಬೇರೆ ಆದ್ದರಿಂದ ಅದು ಮನೆಯ ಆ್ಯಪ್‌ಗೆ ಸಿಗಲ್ಲ ಅಲ್ವಾ? ಮನೆಯಿಂದ ಒಂದು ವೈರ್ ಎಳೆದರೆ?"

ಸಿಗುತ್ತದೆ. ವೈರ್ ಎಳೆಯಬೇಡಿ.

ಬೆಂಗಳೂರಿಗೆ ಹೋದಾಗ ಬಸ್ಸಿನಲ್ಲಿ ಕೂತೇ ಊರಿನ ಮನೆಯ ಲೈಟ್ ಆರಿಸುತ್ತೀರಲ್ಲ, ಆಗ ನಿಮ್ಮ ಫೋನ್ ಯಾವ ಮೀಟರ್‌ನಲ್ಲಿತ್ತು? ಸ್ವಿಚ್‌ಗೆ ಬೇಕಾದದ್ದು ಎರಡೇ: ಅದು ಇರುವ ಜಾಗದಲ್ಲಿ ಕರೆಂಟು, ಮತ್ತು ಇಂಟರ್ನೆಟ್. ಬಿಲ್ ಯಾರ ಹೆಸರಿಗೆ ಬರುತ್ತದೆ ಅಂತ ಅದಕ್ಕೆ ಗೊತ್ತೇ ಇಲ್ಲ.

ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. 1975ರಲ್ಲಿ ಬಂದ ಎಕ್ಸ್‌10 ಅನ್ನೋ ವ್ಯವಸ್ಥೆ ಮನೆಯ ಕರೆಂಟ್ ವೈರಿನಲ್ಲೇ ಸಂದೇಶ ಕಳಿಸುತ್ತಿತ್ತು. ಅದಕ್ಕೆ ಲೈನ್ ಒಂದೇ ಇರಬೇಕಿತ್ತು, ಟ್ರಾನ್ಸ್‌ಫಾರ್ಮರ್ ದಾಟಿ ಸಂದೇಶ ಹೋಗುತ್ತಿರಲಿಲ್ಲ. ನಿಮ್ಮ ವೈಫೈ ಸ್ವಿಚ್ ಆ ಜಾತಿಯದ್ದಲ್ಲ. ಆದರೂ ಎಲೆಕ್ಟ್ರಿಷಿಯನ್ನರೇ ಇದನ್ನು ಇನ್ನೂ ಹೇಳುತ್ತಾರೆ, ಜನ ಇನ್ನೂ ವೈರ್ ಎಳೆಯುತ್ತಾರೆ. ಆಮೇಲೆ ಆಗೋದೇನು? ಒಂದೇ ಪೆಟ್ಟಿಗೆಗೆ ಎರಡು ಕಡೆಯಿಂದ ಸಪ್ಲೈ. ರಿಪೇರಿಗೆ ಬಂದವನು ಪಂಪ್‌ಹೌಸ್ ಮೇನ್ ಆಫ್ ಮಾಡಿ ಧೈರ್ಯವಾಗಿ ಕೈ ಹಾಕುತ್ತಾನೆ, ಒಳಗೆ ಮನೆಯ ಫೇಸ್ ಜೀವಂತ ಇರುತ್ತದೆ. ಎರಡು ನ್ಯೂಟ್ರಲ್ ಸೇರಿಬಿಟ್ಟರೆ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿದು ಜೀವ ಉಳಿಸುವ ಸ್ವಿಚ್) ಕಾರಣವಿಲ್ಲದೆ ಬೀಳುತ್ತಿರುತ್ತದೆ. ಅದು ಬೀಳುತ್ತದೆ ಅಂತ ಅದನ್ನೇ ಕಿತ್ತು ಹಾಕಿದವರೂ ಇದ್ದಾರೆ!

ಹಾಗಾದರೆ ಇಂಟರ್ನೆಟ್ ತಲುಪಿಸೋದು ಹೇಗೆ? ಪಂಪ್‌ಹೌಸ್‌ನಲ್ಲಿ ಮೊಬೈಲ್ ಸಿಗ್ನಲ್ ಇದ್ದರೆ ಒಂದು 4ಜಿ ಸಿಮ್ ರೂಟರ್ ಸಾಕು. ಆ್ಯಪ್‌ನಲ್ಲಿ ಅದೇ ಖಾತೆ ಇರಲಿ. ಸಿಗ್ನಲ್ ಇಲ್ಲ, ಆದರೆ ಮನೆಯ ಮಾಡಿನಿಂದ ಶೆಡ್ ನೇರ ಕಾಣುತ್ತದೆ ಅಂದರೆ ಎರಡು ಔಟ್‌ಡೋರ್ ವೈಫೈ ಆಂಟೆನಾ ಎದುರುಬದುರು ಹಾಕಿ. ನಡುವೆ ಅಡಿಕೆ ತೋಟ ಇದ್ದರೆ ಕಷ್ಟ, ಎಲೆಗಳು ಸಿಗ್ನಲ್ ನುಂಗುತ್ತವೆ. ಆಗ ಫೈಬರ್ ಎಳೆಯಿರಿ. ತಾಮ್ರದ ನೆಟ್‌ವರ್ಕ್ ಕೇಬಲ್ 100 ಮೀಟರ್ ಮಾತ್ರ, ಅದೂ ಸಿಡಿಲನ್ನು ಮನೆಯೊಳಗೆ ಕರೆದುಕೊಂಡು ಬರುತ್ತದೆ. ಫೈಬರ್‌ನಲ್ಲಿ ಆ ಭಯವಿಲ್ಲ, ಬಲಕ್ಕೆ ಉಕ್ಕಿನ ತಂತಿ ಇಲ್ಲದ್ದನ್ನೇ ಕೇಳಿ ತನ್ನಿ.

ಇನ್ನು ಸ್ಟಾರ್ಟರ್. 16 ಆಂಪ್ ಸ್ಮಾರ್ಟ್ ಪ್ಲಗ್‌ಗೆ 5 ಎಚ್‌ಪಿ ಮೋಟಾರ್ ಕಟ್ಟಬೇಡಿ. ಮೋಟಾರ್ ಓಡಿಸೋದು ಸ್ಟಾರ್ಟರ್‌ನ ಕೆಲಸ. ನಮ್ಮ ರಿಲೇ, ಅಂದರೆ ಆ್ಯಪ್ ಹೇಳಿದಾಗ ಆನ್-ಆಫ್ ಆಗುವ ಸಣ್ಣ ಸ್ವಿಚ್, ಒತ್ತಬೇಕಾದದ್ದು ಅದರ ಹಸಿರು ಬಟನ್ ಮಾತ್ರ. ಮುಚ್ಚಳ ತೆಗೆದು ಕಾಯಿಲ್ (ಸ್ಟಾರ್ಟರನ್ನು ಎಳೆದು ಹಿಡಿಯುವ ತಂತಿ ಸುರುಳಿ) ಮೇಲೆ ಬರೆದ ವೋಲ್ಟೇಜ್ ಓದಿ. ತ್ರೀ ಫೇಸ್ ಸ್ಟಾರ್ಟರ್‌ನಲ್ಲಿ ಸಾಮಾನ್ಯವಾಗಿ 415 ವೋಲ್ಟ್ ಇರುತ್ತದೆ. 250 ವೋಲ್ಟಿನ ರಿಲೇ ಅಲ್ಲಿಗೆ ಸಲ್ಲ, ನಡುವೆ ಆ ವೋಲ್ಟೇಜಿಗೆ ತಕ್ಕ ಇನ್ನೊಂದು ರಿಲೇ ಬೇಕು. ಇದನ್ನು ಬಲ್ಲವರ ಕೈಯಲ್ಲೇ ಮಾಡಿಸಿ. ಆಫ್ ಮಾಡೋದಕ್ಕೂ ಒಂದು ರಿಲೇ ಬೇಕು, ಅದು ಕೆಂಪು ಬಟನ್ ಜೊತೆ ಸೀರೀಸ್‌ನಲ್ಲಿ, ಅಂದರೆ ಅದೇ ವೈರಿನಲ್ಲಿ ಒಂದರ ನಂತರ ಒಂದು.

ಯಾರೂ ಕೇಳದ, ಆದರೆ ಕೇಳಬೇಕಾದ ಮಾತೊಂದಿದೆ: ಕರೆಂಟ್ ಹೋಗಿ ಬಂದಾಗ ಏನಾಗಬೇಕು? ಹಸಿರು ಬಟನ್‌ನ ರಿಲೇ ಒತ್ತಿದಂತೇ ಉಳಿದಿದ್ದರೆ ಕರೆಂಟ್ ಬಂದ ತಕ್ಷಣ ಮೋಟಾರ್ ತಾನಾಗಿ ಶುರು. ಕೆಂಪು ಒತ್ತಿದರೆ ನಿಲ್ಲುತ್ತದೆ, ಕೈ ತೆಗೆದರೆ ಮತ್ತೆ ಓಡುತ್ತದೆ! ಅದಕ್ಕೇ ಆ್ಯಪ್‌ನಲ್ಲಿ ಆ ರಿಲೇಯನ್ನು ಒಂದು ಸೆಕೆಂಡ್ ಒತ್ತಿ ಬಿಡುವಂತೆ ಇಡಿ, ಕರೆಂಟ್ ಬಂದಾಗ ಆಫ್ ಇರುವಂತೆಯೂ ಇಡಿ. ಆಟೋ ಸ್ಟಾರ್ಟ್ ಬೇಕೇಬೇಕು ಅನ್ನುವವರು ಕೆಲವು ನಿಮಿಷ ತಡವಾಗಿ ಶುರುವಾಗುವಂತೆ ಮಾಡಿಕೊಳ್ಳಿ, ಅಕ್ಕಪಕ್ಕದ ತೋಟದವರು ಬೇರೆ ಬೇರೆ ಸಮಯ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಊರಿನ ಎಲ್ಲಾ ಪಂಪ್ ಒಂದೇ ಸೆಕೆಂಡಿಗೆ ಎದ್ದರೆ ಸುಡೋದು ನಮ್ಮದೇ ಟ್ರಾನ್ಸ್‌ಫಾರ್ಮರ್.